ಸೊನ್ನೆ ಬರೆದುಕೊಂಡು ಹೋದರು

ಮಲಗಿರುವ ಪ್ರಾಣಿಯನ್ನು ಕೊಲ್ಲುವುದು ಹೇಡಿತನವಂತೆ. ಬೇಟೆ ಮಂಡಳಿಯವರು ನಮ್ಮೂರಿನ ಅಂಗಡಿ ಬಾಗಿಲಿಗೆ ಅಂಟಿಸಿದ್ದ ಕಾಗದ ಹಾಗೆ ಹೇಳಿತು. ಬರೆದವನು ಬೆಚ್ಚಗಿನ ಕೋಣೆಯಲ್ಲಿ ಕುರ್ಚಿಗೆ ಬೆನ್ನು ಕೊಟ್ಟು ಬರೆದಿರಬೇಕು. ಬಿಲದೊಳಕ್ಕೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದವನು ಹಾಗೆ ಬರೆಯುವುದಿಲ್ಲ.

ಕರಡಿ ಬೇಟೆಯ ಕಾಲ ಬದಲಾಗುತ್ತದೆ ಎಂದಿತ್ತು ಅದರಲ್ಲಿ. ಆ ಪ್ರಾಣಿಯ ಹೆಸರು ಒಂದೇ ಕಾಗದದಲ್ಲಿ ಹನ್ನೊಂದು ಸಲ. ನಾನು ಈಗ ಒಂದು ಸಲ ಬರೆದೆ, ಓದುವವರಿಗೆ ತಿಳಿಯಲಿ ಎಂದು. ಇನ್ನು ಬರೆಯುವುದಿಲ್ಲ. ಅಲಾಸ್ಕದ ಈ ನದಿಯ ದಡದಲ್ಲಿ ನಮ್ಮ ಹೆಂಗಸರು ಆ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಗಂಡಸರೂ ಅದನ್ನು ಹುಡುಕಿ ಹೊರಟಾಗ ಹೇಳುವುದಿಲ್ಲ. ಇಷ್ಟು ತಂದೆ ಎಂದು ಲೆಕ್ಕ ಒಪ್ಪಿಸುವುದಂತೂ ಇಲ್ಲವೇ ಇಲ್ಲ. ಅದಕ್ಕೆ ಎಲ್ಲವೂ ಕೇಳಿಸುತ್ತದೆ. ಜಂಬದ ಮಾತು ಕೇಳಿಸಿತೋ, ಆ ಮನೆಯವರ ಕೈಗೆ ಅದು ಮತ್ತೆ ಸಿಗುವುದಿಲ್ಲ. ನಗುವವರು ನಗಲಿ.

ಹೊಸ ನಿಯಮ ಎರಡೇ ಸಾಲಿನದು. ಸೆಪ್ಟೆಂಬರ್ ಒಂದರಿಂದ ಯಾರೂ ಬಿಲಕ್ಕೆ ಕೈ ಹಾಕುವಂತಿಲ್ಲ. ಅದರ ಬದಲು ವಸಂತದಲ್ಲಿ ಒಂದು ತಿಂಗಳು ಹೆಚ್ಚಿಗೆ ಬೇಟೆ. ವಸಂತದ ಬೇಟೆ ಯಾರದೆಂದು ನಮ್ಮೂರ ನಾಯಿಗಳಿಗೂ ಗೊತ್ತು. ನದಿಯ ಮೇಲ್ಗಡೆ ಇರುವ ಡ್ವೈಟ್‌ನ ಬೇಟೆ ಲಾಡ್ಜಿಗೆ ಬರುವ ಹೊರಗಿನವರದು. ವಿಮಾನದಲ್ಲಿ ಬಂದು, ಅದರ ಚರ್ಮ ಸುಲಿಸಿಕೊಂಡು, ವಿಮಾನದಲ್ಲಿ ಹೋಗುವವರದು.

ನಮಗೆ ವಸಂತದ್ದು ಬೇಡ. ಚಳಿಗಾಲವೆಲ್ಲ ಮಲಗಿ ಎದ್ದದ್ದರಲ್ಲಿ ಬರೀ ಚಕ್ಕಳ. ಬೇಸಿಗೆಯದು ಮೀನು ತಿಂದು ಮೀನಿನ ನಾತ ಹೊಡೆಯುತ್ತದೆ. ಅಕ್ಟೋಬರಿನದು ಗುಡ್ಡದ ಹಣ್ಣು ತಿಂದು, ಬೆನ್ನ ಮೇಲೆ ನಾಲ್ಕು ಬೆರಳು ಕೊಬ್ಬು ಹೊತ್ತು ಬಿಲ ಸೇರಿರುತ್ತದೆ. ಆ ಕೊಬ್ಬು ಈ ವರ್ಷ ನನಗೆ ಬೇಕೇ ಬೇಕಿತ್ತು. ಹೋದ ನವೆಂಬರಿನಲ್ಲಿ ನನ್ನ ಅವ್ವ ಸತ್ತಳು. ವರ್ಷದ ಊಟದಲ್ಲಿ ಅದರ ಮಾಂಸ ಬೇಯಬೇಕು, ಮೊದಲ ತುಂಡು ಬೆಂಕಿಗೆ ಬೀಳಬೇಕು. ಬೆಂಕಿಗೆ ಹಾಕಿದ್ದು ಸತ್ತವರಿಗೆ ಸೇರುತ್ತದೆ. ಅಲ್ಲಿಯ ತನಕ ಅವರು ಊರು ಬಿಟ್ಟು ಹೋಗುವುದಿಲ್ಲ, ಬಾಗಿಲಲ್ಲಿ ಹಸಿದು ನಿಂತಿರುತ್ತಾರೆ. ಅವ್ವ ನನ್ನ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಇನ್ನೊಂದು ವರ್ಷ ನಿಲ್ಲಿಸುವ ಹಕ್ಕು ಯಾವ ಬೇಟೆ ಮಂಡಳಿಗೂ ಇಲ್ಲ.

ಅದನ್ನು ತರಬೇಕಾದವನು ನನ್ನ ಸೋದರಮಾವ ಅಂಬ್ರೋಸ್. ಎಪ್ಪತ್ತೊಂದು ವರ್ಷ. ಬಲಗಿವಿ ಅರ್ಧ ಇಲ್ಲ. ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಬಿಲ ಇದೆ ಎಂದು ಅವನಿಗೆ ಅವನ ಸೋದರಮಾವ ತೋರಿಸಿಕೊಟ್ಟಿದ್ದ. ಹಿಮದ ಮೇಲೆ ಉಸಿರಿನ ಹಳದಿ ಕಲೆ ನೋಡಿ ಒಳಗೆ ಯಾರೋ ಇದ್ದಾರೆಂದು ತಿಳಿಯುತ್ತಾನೆ. ಉದ್ದನೆ ಕೋಲು ಹಾಕಿ ಮೆಲ್ಲಗೆ ತಿವಿಯುತ್ತಾನೆ. ಕೋಲಿನ ತುದಿ ಕಲ್ಲಿಗೆ ತಾಗಿತೋ, ಮೈಗೆ ತಾಗಿತೋ ಎಂದು ಅಂಗೈಯಲ್ಲೇ ಕೇಳಿಸಿಕೊಳ್ಳುತ್ತಾನೆ. ಆಮೇಲೆ ತಲೆ ಒಳಗೆ ಹಾಕುತ್ತಾನೆ. ಒಳಗೆ ಕತ್ತಲೆ, ಬಿಸಿ ಉಸಿರು, ಒಂದು ಮೊಳ ದೂರದಲ್ಲಿ ಅದರ ಮುಖ. ಒಂದೇ ಗುಂಡು. ತಪ್ಪಿದರೆ ಇನ್ನೊಂದು ಕಿವಿಯೂ ಇಲ್ಲ, ತಲೆಯೂ ಇಲ್ಲ. ಹಗ್ಗ ಕಟ್ಟಿ ನಾಲ್ಕು ಜನ ಎಳೆಯುತ್ತಾರೆ. ಬೆವರು ಅಂಗಿಯ ಮೇಲೇ ಹೆಪ್ಪುಗಟ್ಟುತ್ತದೆ. ಹೊರಗೆ ಬಂದ ತಕ್ಷಣ ಮಾವ ಮೊದಲು ಅದರ ಕಣ್ಣು ಮುಚ್ಚುತ್ತಾನೆ. ಯಾರೂ ಫೋಟೋ ತೆಗೆಯುವುದಿಲ್ಲ, ಯಾರೂ ಕೇಕೆ ಹಾಕುವುದಿಲ್ಲ.

ಇದು ಹೇಡಿತನ.

ಶೌರ್ಯ ಯಾವುದೆಂದು ನಾನು ನೋಡಿದ್ದೇನೆ. ಮೂರು ವಸಂತ ಡ್ವೈಟ್‌ನ ಲಾಡ್ಜಿನಲ್ಲಿ ದುಡಿದಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ. ಹೇಳಬೇಕಾದ ಜಾಗದಲ್ಲಿ ಹೇಳಿದ್ದೂ ಆಯಿತು.

ಆಗಸ್ಟಿನಲ್ಲಿ ಅಹವಾಲು ಕೇಳಲು ಮಂಡಳಿಯವರು ಬಂದರು. ಊರಿನ ಸಭಾಭವನ ಗುಡಿಸುವುದು, ಒಲೆ ಹಚ್ಚುವುದು, ಕಾಫಿ ಕಾಯಿಸುವುದು ನನ್ನ ಕೆಲಸ. ಅವತ್ತು ಎರಡೂ ಕಡೆಯ ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸಿ ಹೇಳುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು. ವಿಮಾನ ಹನ್ನೊಂದಕ್ಕೆ ಇಳಿಯಿತು. ಎರಡಕ್ಕೆ ವಾಪಸು ಹೋಗಬೇಕಂತೆ. ಸಾವಿರ ವರ್ಷದ ಪದ್ಧತಿಗೆ ಮೂರು ಗಂಟೆ, ಅದರಲ್ಲಿ ಅವರ ಊಟವೂ ಸೇರಿ.

ಒಟ್ಟು ನಾಲ್ಕು ಜನ. ಅಧ್ಯಕ್ಷನದು ಹೊಸ ಬೂಟು, ಕೆಸರು ಮೆತ್ತದಂತೆ ಬೆರಳ ತುದಿಯಲ್ಲಿ ನಡೆದ. ಮೇಜಿನ ಮೇಲೆ ಎರಡು ವಸ್ತು ಇಟ್ಟರು. ಒಂದು, ಅಡುಗೆಮನೆಯಲ್ಲಿ ಹೊತ್ತು ನೋಡಲು ಇಡುವಂಥ ಬಿಳಿ ಗಂಟೆ. ಕಿವಿ ತಿರುಗಿಸಿದರೆ ಟಿಕ್ ಟಿಕ್ ಎಂದು ಓಡಿ ಮೂರು ನಿಮಿಷಕ್ಕೆ ಬಾರಿಸುತ್ತದೆ. ಒಬ್ಬೊಬ್ಬರ ಮಾತಿಗೆ ಅಷ್ಟೇ ಹೊತ್ತು. ಇನ್ನೊಂದು, ದೊಡ್ಡ ರಟ್ಟಿನ ಪೆಟ್ಟಿಗೆ. ಊರಿನವರಿಗೆಂದು ಪ್ರೀತಿಯಿಂದ ತಂದದ್ದಂತೆ. ಮುಚ್ಚಳ ತೆರೆದರು. ಡೋನಟ್. ನಾಲ್ಕು ಡಜನ್, ಸಕ್ಕರೆ ಮೆತ್ತಿದ್ದು.

ಆ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಯಾಕೆಂದು ಆಗ ಅಲ್ಲಿ ಗೊತ್ತಿದ್ದದ್ದು ನನಗೆ ಮತ್ತು ಡ್ವೈಟ್‌ಗೆ ಮಾತ್ರ.

ಡ್ವೈಟ್ ಮೊದಲ ಸಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಇಬ್ಬರು ಗಿರಾಕಿಗಳು, ಎಲೆ ಬಣ್ಣದ ಅಂಗಿಯವರು. ಮೊದಲು ಅವನನ್ನೇ ಕರೆದರು. ಅವನಿಗೆ ಮಾತು ಬರುತ್ತದೆ. ನಿಯಮ ಬಹಳ ಒಳ್ಳೆಯದು ಎಂದ. ಬೇಟೆಯಲ್ಲಿ ಪ್ರಾಣಿಗೂ ಓಡಲು ಅವಕಾಶ ಇರಬೇಕು ಎಂದ. ನ್ಯಾಯದ ಬೇಟೆ ಎಂದ. ಹಾಸಿಗೆಯಲ್ಲಿ ಮಲಗಿದವನನ್ನು ಕೊಂದ ಹಾಗಲ್ಲವೇ ಎಂದು ಎದೆ ಮುಟ್ಟಿಕೊಂಡ. ಗಂಟೆ ಹೊಡೆಯಿತು. ಅಧ್ಯಕ್ಷ ನಕ್ಕು, "ಪರವಾಗಿಲ್ಲ, ಮುಗಿಸಿ, ಮುಗಿಸಿ" ಎಂದ. ಅವನು ಇನ್ನೂ ಐದು ನಿಮಿಷ ಮುಗಿಸಿದ.

ನನ್ನ ಚಿಕ್ಕಮ್ಮನ ಮಗ ವಿಲ್ಮರ್ ನನ್ನ ಕಿವಿಯಲ್ಲಿ ಹೇಳಿದ. "ಅಕ್ಕ, ಇವನ ಗಿರಾಕಿಗಳ ಹಾಗೆ ಮರದ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ರೆ ಬೇಟೆಯಂತೆ. ಹಾಗಿದ್ರೆ ನಮ್ಮೂರ ಕಾಗೆಗಳೆಲ್ಲ ದೊಡ್ಡ ಬೇಟೆಗಾರ್ರೇ ಬಿಡು."

"ಸುಮ್ನಿರೋ, ಮಾವ ಏಳ್ತಿದ್ದಾನೆ."

ಮಾವ ಎದ್ದು ಮೇಜಿನ ಮುಂದೆ ನಿಂತ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಧ್ಯಕ್ಷ ಗಂಟೆ ತಿರುಗಿಸಿದ. ಮಾವ ಮಾತಾಡಲಿಲ್ಲ. ನಮ್ಮಲ್ಲಿ ದೊಡ್ಡ ವಿಷಯ ಎತ್ತುವವನು ಮೊದಲು ಸುಮ್ಮನೆ ನಿಲ್ಲುತ್ತಾನೆ. ಎದ್ದ ತಕ್ಷಣ ಬಾಯಿ ಬಿಡುವವನ ಮಾತಿಗೆ ತೂಕ ಇರುವುದಿಲ್ಲ. ಊರಿನವರು ತಲೆ ತಗ್ಗಿಸಿ ಕಾದರು. ಗಂಟೆ ಟಿಕ್ ಟಿಕ್ ಎಂದಿತು. ಅವರ ಗುಮಾಸ್ತೆ ಹೆಂಗಸು ಬೆರಳುಗಳನ್ನು ಟೈಪಿನ ಯಂತ್ರದ ಮೇಲಿಟ್ಟುಕೊಂಡು ನನ್ನನ್ನು ನೋಡಿದಳು. ಡ್ವೈಟ್‌ನ ಗಿರಾಕಿಯೊಬ್ಬ ಆಕಳಿಸಿದ.

ಎರಡು ನಿಮಿಷದ ಮೇಲೆ ಮಾವ ಬಾಯಿ ತೆರೆದ. "ಹಿಂದೊಂದು ಚಳಿಗಾಲ ನಾನು ಆ ಗುಡ್ಡದ ಕಡೆ ನಡ್ಕೊಂಡು ಹೋಗಿದ್ದೆ. ಹಿಮದ ಕೆಳಗೆ ನೆಲ ಬೆಚ್ಚಗಿತ್ತು. ನಮ್ಮ ಮುದುಕ್ರು ಆ ಚಳಿಗಾಲ ಹಸಿದು ಸಾಯ್ಲಿಲ್ಲ."

ಇದಕ್ಕಿಂತ ಹೆಚ್ಚು ಹೇಳಬಾರದು. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ. ನಮ್ಮವರೆಲ್ಲ ಹೂಂಗುಟ್ಟಿದರು. ನಾನು ತಿರುಗಿಸಿ ಹೇಳಿದೆ. ಗಂಟೆ ಬಾರಿಸಿತು.

ಅಧ್ಯಕ್ಷ ಕನ್ನಡಕ ತೆಗೆದ. "ಇವರು ಹವಾಮಾನದ ಬಗ್ಗೆ ಹೇಳ್ತಿದ್ದಾರಾ?"

"ಇಲ್ಲ. ನಿಮ್ಮ ಕಾಗದದ ಬಗ್ಗೆ."

"ಹಾಗಿದ್ರೆ ಪ್ರಾಣಿಯ ಹೆಸರು ಹೇಳ್ಬೇಕಮ್ಮ. ಇಲ್ದಿದ್ರೆ ದಾಖಲೆಗೆ ಬರಲ್ಲ. ನೋಡಿ, ನಮಗೆ ಬೇಕಿರೋದು ಒಂದೇ ಅಂಕಣ." ಅವನು ಕಾಗದವನ್ನು ನನ್ನತ್ತ ತಿರುಗಿಸಿದ. ಪ್ರತಿ ಮನೆಗೆ ಒಂದು ಸಾಲು. ಹೋದ ವರ್ಷ ಬಿಲದಿಂದ ಕೊಂದದ್ದು ಎಷ್ಟು ಎಂದು ಪ್ರಶ್ನೆ. "ಎಷ್ಟು ಅಂತ ಹೇಳಿ ಸಾಕು. ಸಂಖ್ಯೆ ಇದ್ರೆ ನಿಮ್ಮೂರಿಗೆ ಈ ಪದ್ಧತಿ ಇದೆ ಅಂತಾಗುತ್ತೆ. ಆಗ ನಿಮಗೆ ವಿನಾಯ್ತಿ ಕೊಡೋ ಬಗ್ಗೆ ಯೋಚನೆ ಮಾಡ್ಬೋದು."

"ಹೇಳ್ದಿದ್ರೆ?"

"ಖಾಲಿ ಬಿಟ್ರೆ ಸೊನ್ನೆ ಅಂತ ಲೆಕ್ಕ. ಸೊನ್ನೆ ಅಂದ್ರೆ ಪದ್ಧತಿ ಇಲ್ಲ. ಪದ್ಧತಿ ಇಲ್ಲ ಅಂದ್ರೆ ನಷ್ಟನೂ ಇಲ್ಲ."

ಎಂಥ ಅಚ್ಚುಕಟ್ಟು ನೋಡಿ. ಕೊಲ್ಲುವುದಕ್ಕೂ ಇಷ್ಟು ಅಚ್ಚುಕಟ್ಟಾದ ಬಂದೂಕು ನಮ್ಮೂರಲ್ಲಿ ಯಾರ ಹತ್ತಿರವೂ ಇಲ್ಲ.

ನಾನು ಮಾವನಿಗೆ ನಮ್ಮ ಭಾಷೆಯಲ್ಲಿ ಹೇಳಿದೆ. ಊರಿನ ಗಂಡಸರಿಗೂ ಕೇಳಿಸಿತು. ಹದಿನಾರು ಬೇಟೆಗಾರರು ಹದಿನಾರು ಕಡೆ ನೋಡಿದರು. ಅಕ್ಟೋಬರಿಗೆ ಎರಡು ತಿಂಗಳಿತ್ತು. ಈಗ ಸಂಖ್ಯೆ ಹೇಳಿದವನು ಈ ವರ್ಷ ಗುಡ್ಡಕ್ಕೆ ಹೋಗುವ ಹಾಗಿಲ್ಲ. ಮುಂದಿನ ವರ್ಷವೂ ಇಲ್ಲ.

ನನಗೆ ಸಂಖ್ಯೆ ಗೊತ್ತಿತ್ತು. ಯಾವ ಮನೆಯ ಪಾತ್ರೆಯಲ್ಲಿ ಯಾವಾಗ ಏನು ಬೆಂದಿತೆಂದು ಮೂವತ್ತು ವರ್ಷದಿಂದ ಗೊತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಹೆಸರು, ಒಂದು ಅಂಕಿ. ಹೇಳಿಬಿಟ್ಟರೆ ಅವ್ವನ ಊಟ ಕಾನೂನಿನ ಪ್ರಕಾರವೇ ಆಗಬಹುದಿತ್ತು. ಮಾವ ನನ್ನ ಮುಖ ನೋಡಿ ತಿಳಿದುಕೊಂಡ.

"ಬೇಡ ಕಣೆ ಸೆಲೀನಾ. ನೀನು ಹೇಳಿದ್ರೆ ನಾನು ತರೋದು ಯಾವುದನ್ನ?"

"ಹೇಳ್ದಿದ್ರೆ ತರೋಕೆ ಬಿಡಲ್ವಲ್ಲ ಮಾವ."

"ಇವ್ರು ಬಿಡದಿದ್ರೆ ಬೇಡ. ಅದು ಬಿಡ್ಬೇಕು."

ಅಧ್ಯಕ್ಷ ಗಡಿಯಾರ ನೋಡಿಕೊಂಡ. "ಅಮ್ಮ, ನೀವಾದ್ರೂ ಏನಾದ್ರೂ ಹೇಳ್ತೀರಾ? ನಿಮಗೂ ಮೂರು ನಿಮಿಷ ಇದೆ."

"ಹೇಳ್ತೀನಿ. ನಾನು ಡೋನಟ್ ಬಗ್ಗೆ ಹೇಳ್ತೀನಿ. ಅದರ ಹೆಸರು ಹೇಳೋಕೆ ನಮ್ಮಲ್ಲಿ ಏನೂ ಅಡ್ಡಿ ಇಲ್ಲ."

ಡ್ವೈಟ್ ಕತ್ತು ತಿರುಗಿಸಿದ. ಗಂಟೆ ಓಡತೊಡಗಿತು. ಒಂದೊಂದು ಮಾತನ್ನೂ ಅವರ ಭಾಷೆಯಲ್ಲೊಮ್ಮೆ, ನಮ್ಮ ಭಾಷೆಯಲ್ಲೊಮ್ಮೆ ಹೇಳುತ್ತಾ ಹೋದೆ.

"ಮೂರು ವಸಂತ ಈ ಡ್ವೈಟ್‌ನ ಲಾಡ್ಜಲ್ಲಿ ಕೆಲಸ ಮಾಡಿದೆ. ಪಟ್ಟಣದ ಬೇಕರಿಯಿಂದ ಹಳಸಿದ ಡೋನಟ್ ಮೂಟೆ ಮೂಟೆ ವಿಮಾನದಲ್ಲಿ ಬರ್ತಿತ್ತು. ಜೊತೆಗೆ ಹೋಟ್ಲಲ್ಲಿ ಕರಿದು ಉಳಿದ ಹಂದಿ ಕೊಬ್ಬು, ಪೀಪಾಯಿಯಲ್ಲಿ. ಮೂಟೆನ, ಕೊಬ್ಬಿನ ಡಬ್ಬಾನ ಬೆನ್ನ ಮೇಲೆ ಹೊತ್ಕೊಂಡು ಜೌಗಿನಲ್ಲಿ ಎರಡು ಮೈಲಿ ನಡೀತಿದ್ದವಳು ನಾನು. ಕೊಬ್ಬು ಸೋರಿ ಬೆನ್ನಿಂದ ಚಡ್ಡಿವರೆಗೂ ಇಳೀತಿತ್ತು. ತಿಂಗಳಾದ್ರೂ ಆ ನಾತ ಮೈ ಬಿಡ್ತಿರ್ಲಿಲ್ಲ, ನನ್ನ ನಾಯಿನೇ ನನ್ನ ನೋಡಿ ಬೊಗಳ್ತಿತ್ತು. ಕಾಡೊಳಗೆ ಒಂದು ಪೀಪಾಯಿ ಮರಕ್ಕೆ ಕಟ್ಟಿರ್ತಾರೆ. ಅದಕ್ಕೆ ಸುರೀಬೇಕು. ಎದುರಿನ ಮರದ ಮೇಲೆ ಒಂದು ಕುರ್ಚಿ. ಕುರ್ಚೀಲಿ ಒಬ್ಬ ಶೂರ. ಕೈಯಲ್ಲಿ ದುರ್ಬೀನಿನ ಬಂದೂಕು, ತೊಡೆ ಮೇಲೆ ಬಿಯರು. ಚಳಿಗಾಲವೆಲ್ಲ ಉಪವಾಸ ಇದ್ದದ್ದು ಸಕ್ಕರೆ ವಾಸನೆ ಹಿಡ್ಕೊಂಡು ಬರುತ್ತೆ. ಪೀಪಾಯಿಗೆ ತಲೆ ಹಾಕುತ್ತೆ. ಓಡೋಕೆ ಅವಕಾಶ ಇರುತ್ತಲ್ಲ ಡ್ವೈಟ್? ಬಾಯಲ್ಲಿ ಡೋನಟ್ ಇಟ್ಕೊಂಡು."

"ಅಮ್ಮ, ಇದು ಇವತ್ತಿನ ವಿಷಯ ಅಲ್ಲ," ಎಂದ ಅಧ್ಯಕ್ಷ.

"ಇನ್ನೂ ಗಂಟೆ ಬಾರಿಸಿಲ್ಲ. ಚರ್ಮ, ತಲೆ ಅವ್ರಿಗೆ. ಮಾಂಸನ ಹೂತು ಹಾಕೋಕೆ ನನಗೆ ಹೇಳ್ತಿದ್ರು. ಊರಲ್ಲಿ ಮುದುಕ್ರು ಬರೀ ಅನ್ನ ನೋಡ್ತಿದ್ದಾಗ ನಾನು ಮಾಂಸ ಹೂತಿದ್ದೀನಿ. ಗುದ್ದಲಿ ಹಿಡಿದು, ಅಳ್ತಾ ಹೂತಿದ್ದೀನಿ. ಬೇಡಿದೆ. ಕೊಡ್ಲಿಲ್ಲ. ಒಂದಿನ ಪೀಪಾಯಿಗೆ ಸುರೀತಿದ್ದಾಗ ಮೇಲಿಂದ ಒಂದು ಡೋನಟ್ ಬಂದು ನನ್ನ ಕಾಲ ಹತ್ರ ಬಿತ್ತು. 'ತಿನ್ನು, ನಾಚ್ಕೋಬೇಡ' ಅಂದ ಕುರ್ಚೀಲಿದ್ದವನು. ಬೆಳಗಿಂದ ಏನೂ ತಿಂದಿರ್ಲಿಲ್ಲ. ಬಗ್ಗಿ ತಗೊಂಡು ತಿಂದೆ. ತಲೆ ಎತ್ತಿದ್ರೆ ಬಂದೂಕಿನ ಕೊಳವೆ ನನ್ನ ಹಣೆಗೆ ನೇರಕ್ಕಿತ್ತು. ದುರ್ಬೀನಿಗೆ ಕಣ್ಣಿಟ್ಟು, ಬಾಯಲ್ಲಿ 'ಠೋ' ಅಂದ. ಕೆಳಗೆ ನಿಂತಿದ್ದ ಡ್ವೈಟ್ ನಕ್ಕ."

ಗಂಟೆ ಬಾರಿಸಿತು. ನಾನು ನಿಲ್ಲಿಸಲಿಲ್ಲ.

"ನನ್ನ ಹಣೆಗೆ ಬಂದೂಕು ಹಿಡಿದಾಗ ಇವನು ನಕ್ಕಿದ್ದು ನೋಡಿದೀನಿ. ನನ್ನ ಮಾವ ಅದರ ಮುಖದ ಮುಂದೆ ತಲೆ ಇಟ್ಟು ಬಂದಾಗ ಯಾವತ್ತೂ ನಕ್ಕಿಲ್ಲ. ಇದರಲ್ಲಿ ನ್ಯಾಯದ ಬೇಟೆ ಯಾವುದು ಅಂತ ಬರ್ಕೊಳ್ಳಿ. ನಿಮ್ಮ ಅಂಕಣದಲ್ಲಿ ಜಾಗ ಇಲ್ದಿದ್ರೆ ಪೆಟ್ಟಿಗೆ ಮೇಲೆ ಬರ್ಕೊಳ್ಳಿ."

ಈ ಮಾತನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಹೇಳಿರಲಿಲ್ಲ. ತಿಂದೆನಲ್ಲ ಎಂಬ ನಾಚಿಕೆ ನನ್ನ ಗಂಟಲಲ್ಲೇ ಕೂತಿತ್ತು. ಅವತ್ತು ಅದನ್ನು ಅವರ ಮೇಜಿನ ಮೇಲೆ ಉಗಿದೆ.

ಗುಮಾಸ್ತೆ ಬೆರಳು ಆಡಿಸಿರಲಿಲ್ಲ. ಡ್ವೈಟ್ ತನ್ನ ಬೂಟನ್ನು ನೋಡುತ್ತಿದ್ದ. ಅಧ್ಯಕ್ಷ ಕೆಮ್ಮಿ ಡೋನಟ್ ಪೆಟ್ಟಿಗೆಯನ್ನು ನಮ್ಮತ್ತ ತಳ್ಳಿದ. "ಎಲ್ರೂ ಸ್ವಲ್ಪ ಸಮಾಧಾನ ಮಾಡ್ಕೊಳ್ಳೋಣ. ತಗೊಳ್ಳಿ, ನಿಮಗೇ ಅಂತ ತಂದಿದ್ದು."

ಮಾವ ಪೆಟ್ಟಿಗೆಯನ್ನು ನೋಡಿದ. ಆಮೇಲೆ ನಿಧಾನವಾಗಿ ಕತ್ತೆತ್ತಿ ಸೂರಿನ ತೊಲೆಗಳನ್ನು ನೋಡಿದ.

"ಸೆಲೀನಾ, ಮೇಲೆ ಯಾರು ಕೂತಿದ್ದಾರೆ ನೋಡು."

ಇಡೀ ಸಭೆ ಸೂರು ನೋಡಿತು. ವಿಲ್ಮರ್ ಮೊದಲು ನಕ್ಕ. ಆಮೇಲೆ ಮುದುಕಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಧ್ಯಕ್ಷನೂ ಸೂರು ನೋಡಿ, ಏನೂ ಕಾಣದೆ, "ಏನಂದ್ರು?" ಎಂದು ಕೇಳಿದ.

"ಹಸಿವಿಲ್ಲ ಅಂದ."

ಒಂದು ಕೈಯೂ ಪೆಟ್ಟಿಗೆಗೆ ಹೋಗಲಿಲ್ಲ. ಎರಡು ಗಂಟೆಗೆ ಅವರು ಕೆಸರಿನಲ್ಲಿ ಎಗರಿ ಎಗರಿ ವಿಮಾನ ಹತ್ತಿದರು. ಅವಸರದಲ್ಲಿ ಬಿಳಿ ಗಂಟೆ ಮೇಜಿನ ಮೇಲೇ ಉಳಿಯಿತು. ನಾನದನ್ನು ಒರೆಸಿ ಕಪಾಟಿನಲ್ಲಿಟ್ಟೆ. ಡೋನಟ್ಟನ್ನು ಊರಾಚೆಯ ಕಸದ ಗುಂಡಿಗೆ ಸುರಿದೆ. ಒಲೆ ಪಕ್ಕದಲ್ಲೇ ಇತ್ತು, ಬೆಂಕಿಗೆ ಹಾಕಲಿಲ್ಲ. ಬೆಂಕಿಗೆ ಹಾಕಿದ್ದು ಸತ್ತವರಿಗೆ ಸೇರುತ್ತದೆ. ಸತ್ತವರಿಗೆ ಅದನ್ನು ತಿನ್ನಿಸುವಷ್ಟು ಕೆಟ್ಟವಳಲ್ಲ ನಾನು.

ಸೆಪ್ಟೆಂಬರಿನಲ್ಲಿ ಹೊಸ ಕಾಗದ ಬಂತು. ನಿಯಮ ಅಂಗೀಕಾರ. ಹಿಂದೆ ನಮ್ಮೂರಿನ ಹಾಳೆ ಲಗತ್ತಿಸಿದ್ದರು. ಇಪ್ಪತ್ತೆರಡು ಮನೆ, ಇಪ್ಪತ್ತೆರಡು ಸೊನ್ನೆ. ಕೆಳಗೆ ಒಂದು ಷರಾ: ಈ ಊರಿನಲ್ಲಿ ಬಿಲದ ಬೇಟೆ ರೂಢಿಯಲ್ಲಿಲ್ಲ. ಆಕ್ಷೇಪಣೆ ಇಲ್ಲ. ಬಂದವರಿಗೆ ಉಪಾಹಾರ ನೀಡಲಾಯಿತು.

ಉಪಾಹಾರ ಮರೆಯದೆ ಬರೆದುಕೊಂಡಿದ್ದರು. ನಾನು ಆ ಕಾಗದವನ್ನು ಹರಿಯಲಿಲ್ಲ. ಮಡಿಸಿ ಗಂಟೆಯ ಪಕ್ಕದಲ್ಲಿಟ್ಟೆ.

ಅಕ್ಟೋಬರಿನಲ್ಲಿ ಹಿಮ ಬಿದ್ದ ನಾಲ್ಕನೇ ದಿನ ಮಾವ ನಮ್ಮನೆಗೆ ಬಂದು ಚಹಾ ಕುಡಿದ. ಹೊರಡುವಾಗ ಬಾಗಿಲಲ್ಲಿ ನಿಂತ.

"ನಾಳೆ ಹಾಗೇ ಸ್ವಲ್ಪ ನಡೆದಾಡ್ಕೊಂಡು ಬರ್ತೀನಿ."

"ಮೊಣಕಾಲು ನೋವು ಅಂತಿದ್ಯಲ್ಲ ಮಾವ."

"ನಡೆದ್ರೆ ಹೋಗುತ್ತೆ."

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಯಾಕೆ, ಜೊತೆಗೆ ಯಾರು ಎಂದೂ ಕೇಳಲಿಲ್ಲ. ಸಿಕ್ಕಿಬಿದ್ದರೆ ಬಂದೂಕು, ದೋಣಿ ಎರಡೂ ಹೋಗುತ್ತವೆ, ಅವನೂ ಜೈಲಿಗೆ ಹೋಗುತ್ತಾನೆ ಎಂದು ಇಬ್ಬರಿಗೂ ಗೊತ್ತಿತ್ತು. ಎಪ್ಪತ್ತೊಂದು ವರ್ಷದ ಮುದುಕ, ಕತ್ತಲೆಯ ತೂತಿನೊಳಗೆ ತಲೆ ಹಾಕಲು ಹೊರಟವನು, ಹಿಂದೆ ತಿರುಗಿ ನೋಡುತ್ತಾ ಹೋಗಬೇಕು. ಒಳಗಿರುವುದಕ್ಕಲ್ಲ, ಆಕಾಶದಲ್ಲಿ ಹಾರುವ ಗಸ್ತಿನ ವಿಮಾನಕ್ಕೆ ಹೆದರಿಕೊಂಡು. ಇಷ್ಟನ್ನು ಅವರು ಸಾಧಿಸಿದರು. ಮೂರು ದಿನ ನಾನು ಊಟ ಮಾಡಲಿಲ್ಲ.

ಮೂರನೇ ಸಂಜೆ ಬಾಗಿಲು ತಟ್ಟಿದ. ಗಡ್ಡದ ತುಂಬ ಹಿಮ. "ಹಿತ್ತಿಲಲ್ಲಿ ಏನೋ ಇಟ್ಟಿದ್ದೀನಿ. ನಾಯಿ ಬಾಯಿ ಹಾಕದ ಹಾಗೆ ನೋಡ್ಕೋ."

ಕೊಬ್ಬು ನಾಲ್ಕು ಬೆರಳಿತ್ತು.

ನವೆಂಬರಿನಲ್ಲಿ, ಅವ್ವ ಸತ್ತ ದಿನವೇ, ಮಧ್ಯಾಹ್ನ ಸಭಾಭವನದಲ್ಲಿ ಊಟಕ್ಕಿಟ್ಟೆವು. ಊರೆಲ್ಲ ಸೇರಿತ್ತು. ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಮೊದಲ ತುಂಡು ತೆಗೆಯಲು ನಾನು ಸೌಟು ಹಿಡಿದಿದ್ದೆ, ಅಷ್ಟರಲ್ಲಿ ವಿಮಾನದ ಸದ್ದು. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಬೇಟೆ ಇಲಾಖೆಯ ಗಸ್ತಿನವನು, ಮೂವತ್ತರ ಹರೆಯ, ಸೊಂಟದಲ್ಲಿ ಪಿಸ್ತೂಲು. ಯಾರೋ ಫೋನ್ ಮಾಡಿದ್ದರಂತೆ. ಯಾರೋ ಅಂದರೆ ಯಾರು ಎಂದು ಕೇಳುವ ಕಷ್ಟ ನಾವು ತೆಗೆದುಕೊಳ್ಳಲಿಲ್ಲ.

ಅವನು ಮೂಗು ಅರಳಿಸಿದ. ಪಾತ್ರೆಯ ಹತ್ತಿರ ಬಂದ. "ಇದರಲ್ಲಿರೋದು ಏನು?"

ಅರವತ್ತು ಜನ. ಎಲ್ಲರೂ ತಂತಮ್ಮ ಖಾಲಿ ತಟ್ಟೆ ನೋಡಿದರು. ಅವನು ಮಾವನ ಮುಂದೆ ನಿಂತ. "ಅಂಬ್ರೋಸ್, ನೀವು ಅಕ್ಟೋಬರಲ್ಲಿ ಎಲ್ಲಿಗೆ ಹೋಗಿದ್ರಿ?" ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತ. ದೊಡ್ಡ ವಿಷಯಕ್ಕೆ ನಾವು ಸುಮ್ಮನಿರುತ್ತೇವೆ.

ನಾನು ಕಪಾಟು ತೆರೆದೆ. ಬಿಳಿ ಗಂಟೆ ತಂದು ಅವನ ಮುಂದೆ ಮೇಜಿನ ಮೇಲಿಟ್ಟು ಕಿವಿ ತಿರುಗಿಸಿದೆ.

"ಇದೇನಿದು?"

"ಈ ಭವನದಲ್ಲಿ ಹೊರಗಿನವರು ಮಾತಾಡೋಕೆ ಮೂರು ನಿಮಿಷ. ಹೇಳಿ, ಕೇಳ್ತೀವಿ."

ಅವನ ಮುಖ ಕೆಂಪಾಯಿತು. ನಿಯಮದ ಸಂಖ್ಯೆ ಹೇಳಿದ. ಶಿಕ್ಷೆ ಹೇಳಿದ. ಆ ಪ್ರಾಣಿಯ ಹೆಸರನ್ನು ಐದು ಸಲ ಹೇಳಿದ. ಪ್ರತಿ ಸಲವೂ ಮುದುಕಿಯರು ಮುಖ ತಿರುಗಿಸಿದರು. ನಾನು ಕಾಗದ ಬಿಡಿಸಿ ಅವನ ಕೈಗೆ ಕೊಟ್ಟೆ.

"ಇದು ನಿಮ್ಮವರೇ ಬರೆದದ್ದು. ಸಹಿ ಇದೆ, ಮುದ್ರೆ ಇದೆ. ಇಪ್ಪತ್ತೆರಡು ಮನೆ, ಇಪ್ಪತ್ತೆರಡು ಸೊನ್ನೆ. ಈ ಊರಲ್ಲಿ ಯಾರೂ ಅದನ್ನ ತರೋದೇ ಇಲ್ವಂತೆ. ರೂಢಿನೇ ಇಲ್ವಂತೆ. ಇಲ್ಲದ್ದು ಪಾತ್ರೆಗೆ ಎಲ್ಲಿಂದ ಬರುತ್ತಪ್ಪ?"

"ಹಾಗಿದ್ರೆ ಇದೇನು ಅಂತ ಹೇಳಿ. ಹೆಸರು ಹೇಳಿ ಸಾಕು."

"ಅದೇ ನೋಡಿ. ಆಗಸ್ಟಲ್ಲೂ ನಿಮ್ಮವರು ಇದನ್ನೇ ಕೇಳಿದ್ರು."

ಗಂಟೆ ಬಾರಿಸಿತು. ಅವನು ಬೆಚ್ಚಿದ.

"ನಿಮ್ಮ ಸಮಯ ಮುಗೀತು," ಎಂದೆ.

ಅವನು ಬಾಗಿಲ ಕಡೆ ನೋಡಿದ, ನಮ್ಮ ಕಡೆ ನೋಡಿದ. ಅವನೊಬ್ಬ, ನಾವು ಅರವತ್ತು. ತಪಾಸಣೆಯ ಆದೇಶ ತಗೊಂಡು ನಾಳೆ ಬರುತ್ತೇನೆ ಎಂದ. "ಬನ್ನಿ. ಪಾತ್ರೆ ತೊಳ್ದಿಟ್ಟಿರ್ತೀವಿ," ಎಂದ ವಿಲ್ಮರ್. ನಾಳೆ ಬಂದು ಯಾರನ್ನಾದರೂ ಹಿಡಿದುಕೊಂಡು ಹೋಗಬಹುದು. ಹೋಗಲಿ. ನಾನು ಅವನು ಹೊರಗೆ ಹೋಗುವ ತನಕವೂ ಕಾಯಲಿಲ್ಲ.

ಪಾತ್ರೆಯಿಂದ ಮೊದಲ ತುಂಡು ಎತ್ತಿದೆ. ಒಲೆಯ ಬಾಗಿಲು ತೆರೆದು ಕೆಂಡದ ಮೇಲಿಟ್ಟೆ. ಕೊಬ್ಬು ಕರಗಿ ಬೆಂಕಿ ಎದ್ದಿತು.

"ತಿನ್ನವ್ವ," ಎಂದೆ. "ನಿಧಾನಕ್ಕೆ ತಿನ್ನು. ನಿನಗೆ ಗಂಟೆ ಹೊಡೆಯೋರು ಇಲ್ಲಿ ಯಾರೂ ಇಲ್ಲ."